ಸಾಂತಾ ಕ್ಲಾರಾ ಕೌಂಟಿ (ಕ್ಯಾಲಿಫೋರ್ನಿಯಾ): ನಮ್ಮ ಸೇಲ್ಸ್ ಟ್ಯಾಕ್ಸ್ ಬಸ್ಸಿಗಾ, ರಸ್ತೆಗಾ?

ಹೊಸಬ_ಬೇಏರಿಯಾ:
ಇಲ್ಲಿ ಬಸ್ಸು, ಲೈಟ್ ರೈಲು ನಡೆಸೋದು ವಿಟಿಎ ಅಂತ ಗೊತ್ತು. ಆದರೆ ರಸ್ತೆ ದುಡ್ಡಲ್ಲೂ ಅದರ ಹೆಸರು ಬರುತ್ತಲ್ಲ, ಯಾಕೆ? ಮನೆ ಮುಂದಿನ ಗುಂಡಿಗೆ ಯಾರನ್ನು ಕೇಳಬೇಕು?

ದಾರಿಹೋಕ:
ಗುಂಡಿಗೆ ನಿಮ್ಮ ಸಿಟಿಯನ್ನೇ ಕೇಳಿ. ವಿಟಿಎ ಬೀದಿಗೆ ಟಾರು ಹಾಕುವುದಿಲ್ಲ, ದುಡ್ಡು ಹಂಚುತ್ತದೆ. 2016ರಲ್ಲಿ ಜನ ಓಟು ಹಾಕಿ ಒಪ್ಪಿದ ಮೆಷರ್ ಬಿ ಇದೆಯಲ್ಲ, ಅದು 30 ವರ್ಷಕ್ಕೆ ಡಾಲರಿಗೆ ಅರ್ಧ ಸೆಂಟ್ ಸೇಲ್ಸ್ ಟ್ಯಾಕ್ಸ್. ಟ್ಯಾಕ್ಸ್ ಬೀಳುವ 40 ಡಾಲರ್ ಸಾಮಾನು ತಗೊಂಡರೆ 20 ಸೆಂಟ್ ಅದಕ್ಕೆ ಹೋಗುತ್ತದೆ. ಒಟ್ಟು ಅಂದಾಜು 630 ಕೋಟಿ ಡಾಲರ್, ಅದರಲ್ಲಿ 120 ಕೋಟಿ ಸಿಟಿ ಮತ್ತು ಕೌಂಟಿ ರಸ್ತೆಗಳಿಗೆ, 150 ಕೋಟಿ ಸ್ಯಾನ್ ಹೋಸೆಯಲ್ಲಿ ಬಾರ್ಟ್ (ಬೇ ಏರಿಯಾದ ರೈಲು) ಮಾರ್ಗದ ಎರಡನೇ ಹಂತಕ್ಕೆ.

ಹೊಸಬ_ಬೇಏರಿಯಾ:
ಅಷ್ಟು ದುಡ್ಡಿದ್ದರೆ ಬಸ್ಸು ಜಾಸ್ತಿ ಬಿಡಬಹುದಲ್ವಾ?

ಕಿಟಕಿಸೀಟು:
ಎಲ್ಲರೂ ಕೇಳುವುದು ಇದನ್ನೇ. ಫೆಡರಲ್ (ಕೇಂದ್ರ ಸರ್ಕಾರದ) ದುಡ್ಡು ಹೆಚ್ಚಾಗಿ ಹೊಸ ಬಸ್ಸು, ಹಳಿ, ಸ್ಟೇಷನ್ನಿಗೆ ಬರುತ್ತದೆ, ದೊಡ್ಡ ಊರುಗಳಲ್ಲಿ ಅದರಿಂದ ಡ್ರೈವರ್ ಸಂಬಳ ಕೊಡೋದು ಸಾಮಾನ್ಯವಾಗಿ ಆಗುವುದಿಲ್ಲ. ಟಿಕೆಟ್ ದುಡ್ಡಂತೂ ಖರ್ಚಿನ ಸಣ್ಣ ಪಾಲು. ಹಾಗಾಗಿ ದಿನದ ಓಡಾಟಕ್ಕೆ ಸೇಲ್ಸ್ ಟ್ಯಾಕ್ಸೇ ಗತಿ, ಜನ ಖರ್ಚು ಕಡಿಮೆ ಮಾಡಿದ ವರ್ಷ ಅದೂ ಇಳಿಯುತ್ತದೆ.

ದಾರಿಹೋಕ:
ಇನ್ನೊಂದು. ವಿಟಿಎ ಬೋರ್ಡಿನಲ್ಲಿ ಓಟಿರುವ 12 ಜನರೂ ಸಿಟಿ, ಕೌಂಟಿಗಳಿಂದ ಆಯ್ಕೆಯಾದವರೇ. ಬಸ್ ರೂಟ್ ಬೇಕಿದ್ದರೆ ಸುಮ್ನೆ ಇಲ್ಲಿ ಬರೆಯೋದಕ್ಕಿಂತ ನಿಮ್ಮ ಕೌನ್ಸಿಲ್ ಸದಸ್ಯರಿಗೆ ಮೇಲ್ ಹಾಕಿ.