ಮನೆ ಗುಂಪಿಗೆ ಬಂದ ಇನಿಕ್ಪಿ

ಮೈಸೂರು ಚಿಕ್ಕಪ್ಪ: [ಫೋಟೊ: ದಂತದಲ್ಲಿ ಕೆತ್ತಿದ ಹೆಣ್ಣಿನ ಮುಖ]
ಆಫ್ರಿಕಾದ ಇಗಾಲಾ ರಾಜಕುಮಾರಿ ಇನಿಕ್ಪಿ. ಯುದ್ಧದಲ್ಲಿ ತಂದೆ ಗೆಲ್ಲಲಿ ಎಂದು ಜೀವಂತ ಸಮಾಧಿಯಾದವಳು. ಇಂದಿನ ಹೆಣ್ಣುಮಕ್ಕಳು ಇವಳನ್ನು ನೋಡಿ ಕಲಿಯಬೇಕು. ಹತ್ತು ಜನಕ್ಕೆ ಕಳಿಸಿ.

ಶಿವಮೊಗ್ಗ ಅತ್ತೆ: ಏನನ್ನು ಕಲಿಯಬೇಕು ಅಣ್ಣ? ಗುಂಡಿಗೆ ಇಳಿಯುವುದನ್ನಾ?

ಮೈಸೂರು ಚಿಕ್ಕಪ್ಪ: ತ್ಯಾಗ ಕಲಿಯಲಿ ಅಂತ. ಎಲ್ಲದಕ್ಕೂ ಕೊಂಕು ತೆಗೆಯಬೇಡ.

ನಾನು: ಚಿಕ್ಕಪ್ಪ, ಮೊದಲು ಫೋಟೊ ವಿಷಯ. ಇದು ಇನಿಕ್ಪಿ ಅಲ್ಲ. ಬೆನಿನ್ ರಾಜಮಾತೆ ಇದಿಯಾ ಅವರದು ಅಂತ ಹೇಳುವ ಮುಖವಾಡ. ಬೆನಿನ್ ಅಂದರೆ ಈಗಿನ ಬೆನಿನ್ ದೇಶ ಅಲ್ಲ, ಇಗಾಲಾದ ಹಾಗೇ ಇಂದಿನ ನೈಜೀರಿಯಾದಲ್ಲಿರುವ ಹಳೆಯ ರಾಜ್ಯ. 1897ರಲ್ಲಿ ಬ್ರಿಟಿಷರು ಬೆನಿನ್ ಅರಮನೆಯಿಂದ ದೋಚಿದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1515-16ರ ಸುಮಾರಿಗೆ ಇಗಾಲಾದವರಿಗೂ ಬೆನಿನ್‌ಗೂ ದೊಡ್ಡ ಯುದ್ಧ ಆಯಿತು. ಬೆನಿನ್ ಗೆದ್ದಿತು. ಅಲ್ಲಿನ ರಾಜ ಎಸಿಗಿಯ ಬೆನ್ನಿಗೆ ನಿಂತವಳು ಅವನ ತಾಯಿ ಇದಿಯಾ. ಇಗಾಲಾದವರನ್ನು ಸೋಲಿಸಿದ ಮನೆಯ ತಾಯಿಯ ಮುಖಕ್ಕೆ ಇಗಾಲಾ ಹುಡುಗಿಯ ಹೆಸರು ಹಾಕಿದ್ದಾರೆ. ಅವರು ನೋಡಿದರೆ ಎಷ್ಟು ನೋವಾಗುತ್ತದೆ ಹೇಳಿ.

ದೊಡ್ಡಪ್ಪ: ಪುಟ್ಟಿ ಹೇಳಿದ್ದು ಸರಿ. ಈ ಮುಖ ನನಗೆ ಚೆನ್ನಾಗಿ ಗೊತ್ತು. 1977ರಲ್ಲಿ ಲಾಗೋಸ್‌ನಲ್ಲಿ ನಡೆದ ಫೆಸ್ಟಾಕ್ ಅನ್ನುವ ಆಫ್ರಿಕನ್ ಕಲಾ ಉತ್ಸವದ ಗುರುತು ಇದೇ. ನಾನು ಇಡಾದಲ್ಲಿ ಮೇಷ್ಟ್ರಾಗಿದ್ದಾಗ ಆ ಮುಖ ಅಚ್ಚಾಗಿದ್ದ ಬಟ್ಟೆಯನ್ನು ಜನ ಇನ್ನೂ ಉಡುತ್ತಿದ್ದರು. ಇಡಾ ಅಂದರೆ ಇಗಾಲಾ ರಾಜಧಾನಿ, ನೈಜರ್ ನದಿಯ ದಂಡೆಯಲ್ಲಿದೆ. ಆಗ ಬೆನುವೆ ರಾಜ್ಯಕ್ಕೆ ಸೇರಿತ್ತು, 1991ರಿಂದ ಕೋಗಿ ರಾಜ್ಯ.

ಮೈಸೂರು ಚಿಕ್ಕಪ್ಪ: ಫೋಟೊ ತಪ್ಪಿರಬಹುದು. ಕಥೆ ನಿಜ ತಾನೆ? ಅಲ್ಲಿ ಅವಳನ್ನು ಪೂಜಿಸುತ್ತಾರೋ ಇಲ್ವೋ, ಅಣ್ಣ?

ದೊಡ್ಡಪ್ಪ: ತುಂಬಾ ಗೌರವ ಇದೆ. ಇಡಾದ ಎಗಾ ಮಾರುಕಟ್ಟೆಯ ಹತ್ತಿರ ಅವಳ ಪ್ರತಿಮೆ ಇದೆ. ಅವಳ ಹೆಸರು ಎತ್ತಿದರೆ ಜನ ಮೆತ್ತಗಾಗುತ್ತಾರೆ.

ಮೈಸೂರು ಚಿಕ್ಕಪ್ಪ: ನೋಡಿದಿರಾ! ಅವರಿಗಿಲ್ಲದ ಸಂಕಟ ಶಿವಮೊಗ್ಗದವರಿಗೆ ಯಾಕೆ?

ನಾನು: ಅವರ ಗೌರವವನ್ನು ನಾನು ಪ್ರಶ್ನೆ ಮಾಡುತ್ತಿಲ್ಲ. ಆದರೆ ಅವರು ಹೇಳುವ ಕಥೆಯೇ ಬೇರೆ. ಅಪ್ಪ ಅಯೆಗ್ಬಾ ದೊರೆ. ಶತ್ರುಗಳು ಜುಕುನ್ ಜನ ಅಂತ ಕೆಲವರು, ಬೆನಿನ್ ಅಂತ ಕೆಲವರು. ಕಣಿ ಕೇಳಿದಾಗ ಪ್ರೀತಿಯ ಮಗಳನ್ನೇ ಕೊಡಬೇಕು ಅಂತ ಬಂತು. ಅಪ್ಪನಿಗೆ ಅದನ್ನು ಬಾಯಿ ಬಿಟ್ಟು ಹೇಳಲು ಆಗಲಿಲ್ಲ. ಅವಳೇ ಹಠ ಹಿಡಿದು ವಿಷಯ ತಿಳಿದುಕೊಂಡು, ಊರು ಉಳಿಯಲಿ ಅಂತ ತಾನೇ ಮುಂದೆ ಬಂದಳು. ಫಾರ್ವರ್ಡ್‌ನಲ್ಲಿ ಆ ಅಪ್ಪನ ಸಂಕಟವೂ ಇಲ್ಲ, ಅವಳ ನಿರ್ಧಾರವೂ ಇಲ್ಲ. ಬರೀ ವಿಧೇಯ ಮಗಳು ಉಳಿದಿದ್ದಾಳೆ. ಇನ್ನೊಂದು ಮಾತು. ಅವಳ ಜೊತೆ ಗುಲಾಮರನ್ನೂ ಹೂತರು ಅಂತ ಅದೇ ಕಥೆ ಹೇಳುತ್ತದೆ. ಅವರನ್ನು ಯಾರೂ ಕೇಳಿರಲಿಲ್ಲ, ಅಲ್ವಾ?

ಶಿವಮೊಗ್ಗ ಅತ್ತೆ: ಅಯ್ಯೋ. ಅದನ್ನು ಯಾರೂ ಬರೆಯುವುದೇ ಇಲ್ಲ.

ನಾನು: ಹೆಣ್ಣುಮಕ್ಕಳಿಗೆ ಇಗಾಲಾ ಕಥೆ ಹೇಳಲೇಬೇಕು ಅಂದರೆ ಎಬುಲೆಜೊನು ಕಥೆಯನ್ನೂ ಹೇಳಿ. ಅವರ ಪರಂಪರೆಯ ಪ್ರಕಾರ ಅವಳು ರಾಜಕುಮಾರಿಯಾಗಿ ಉಳಿಯಲಿಲ್ಲ, ತಾನೇ ಅತ್ತಾ ಆಗಿ ಸಿಂಹಾಸನ ಏರಿದಳು. ಅತ್ತಾ ಅಂದರೆ ಅಲ್ಲಿನ ರಾಜ. ಹೊರಗಿನಿಂದ ಬಂದ ಬೇಟೆಗಾರನನ್ನು ಮದುವೆಯಾದಳು. ಅವನಿಗೆ ಸಿಕ್ಕ ಪದವಿಯೇ ಅಚಾದು. ಅವಳ ನಂತರ ತಮ್ಮ ಅಗೆನಪೋಜೆ ಬಂದ. ಇವತ್ತಿಗೂ ಹೊಸ ಅತ್ತಾಗೆ ಪಟ್ಟ ಕಟ್ಟುವಾಗ ಹೆಂಗಸರಿಗೆ ಚುಚ್ಚುವ ಹಾಗೆ ಕಿವಿ ಚುಚ್ಚುತ್ತಾರೆ. ಆಚರಣೆಯಲ್ಲಿ ಅಚಾದು ಗಂಡ, ಅತ್ತಾ ಹೆಂಡತಿ. ಎಷ್ಟೋ ತಲೆಮಾರಿನ ಗಂಡು ರಾಜರು ಒಬ್ಬ ರಾಣಿಯ ನೆನಪನ್ನು ಮೈಮೇಲೆ ಹೊತ್ತುಕೊಂಡಿದ್ದಾರೆ. ನನಗೆ ಇದಕ್ಕಿಂತ ದೊಡ್ಡ ಗೌರವ ಕಾಣುವುದಿಲ್ಲ.

ದೊಡ್ಡಪ್ಪ: ಅಚಾದು ಸುಮ್ನೆ ಹೆಸರಿಗೆ ಇರುವ ಪದವಿಯಲ್ಲ. ರಾಜನನ್ನು ಆರಿಸುವ ಒಂಬತ್ತು ಕುಲಗಳ ಕೂಟ ಇಗಾಲಾ ಮೆಲಾಗೆ ಅವನೇ ಮುಖ್ಯಸ್ಥ. ಅವರು ಒಪ್ಪದೆ ಅತ್ತಾ ಆಗುವಂತಿಲ್ಲ. ಪಟ್ಟ ನಾಲ್ಕು ರಾಜಮನೆತನಗಳಲ್ಲಿ ಸುತ್ತುತ್ತದೆ. ನಾನಿದ್ದಾಗ ಅತ್ತಾ ಆಗಿದ್ದವರು ಅಲಿಯು ಒಬಾಜೆ. 1956ರಿಂದ 2012ರವರೆಗೂ ಅವರೇ ಇದ್ದರು. ಹಬ್ಬದ ದಿನ ದೂರದಿಂದ ನೋಡಿದ್ದೆ. ಎದೆಯ ಮೇಲೆ ಹಿತ್ತಾಳೆಯ ದೊಡ್ಡ ಮುಖ ತೂಗುತ್ತಿತ್ತು. ಎಜುಬೆಜೈಲೊ ಅನ್ನುತ್ತಾರೆ. ಬೆನಿನ್ ಶೈಲಿಯ ಎರಕ. ಚಿಕ್ಕವನೇ, ನಿನಗೆ ಫೋಟೊ ಬೇಕಿದ್ದರೆ ಅದನ್ನು ಹಾಕಬಹುದಿತ್ತು.

ಮೈಸೂರು ಚಿಕ್ಕಪ್ಪ: ಯುದ್ಧ ಮಾಡಿದ ಬೆನಿನ್‌ನವರ ಕೆಲಸವನ್ನೇ ಎದೆಗೆ ಕಟ್ಟಿಕೊಳ್ಳುತ್ತಾರಾ?

ದೊಡ್ಡಪ್ಪ: ಹೌದು. ಅಕ್ಕಪಕ್ಕದ ರಾಜ್ಯಗಳು. ಜಗಳವೂ ಇತ್ತು, ಕೊಡುಕೊಳ್ಳುವುದೂ ಇತ್ತು. 1841ರಲ್ಲಿ ಬ್ರಿಟಿಷರ ಹಡಗುಗಳು ನೈಜರ್ ನದಿಯಲ್ಲಿ ಮೇಲಕ್ಕೆ ಬಂದಾಗ ಅವರು ಒಪ್ಪಂದ ಮಾಡಿಕೊಂಡಿದ್ದು ಅತ್ತಾ ಒಚೇಜೆಯ ಜೊತೆ. ಆಗಲೇ ಅಷ್ಟು ಗಟ್ಟಿ ರಾಜ್ಯ.

ಮೈಸೂರು ಚಿಕ್ಕಪ್ಪ: ಸರಿ, ಫೋಟೊ ತೆಗೆಯುತ್ತೇನೆ. ರಾಣಿಯ ಕಥೆ ಪುಟ್ಟಿ ಬರೆದು ಕೊಡಲಿ, ಹತ್ತಲ್ಲ ಐವತ್ತು ಜನಕ್ಕೆ ನಾನೇ ಕಳಿಸುತ್ತೇನೆ. ಆದರೆ ಇನಿಕ್ಪಿಯನ್ನು ಬಿಡುವುದಿಲ್ಲ. ಊರಿಗಾಗಿ ಪ್ರಾಣ ಕೊಟ್ಟವಳು ದೊಡ್ಡವಳೇ.

ನಾನು: ದೊಡ್ಡವಳೇ ಚಿಕ್ಕಪ್ಪ. ಅವಳ ಕಥೆಯನ್ನೂ ಪೂರ್ತಿ ಬರೆಯುತ್ತೇನೆ, ಗುಲಾಮರ ಸಮೇತ.

ಶಿವಮೊಗ್ಗ ಅತ್ತೆ: ಬರಿ ಪುಟ್ಟಿ. ಅಣ್ಣ, ಕಳಿಸುವಾಗ ಆ "ಕಲಿಯಬೇಕು" ಅನ್ನುವ ಸಾಲು ತೆಗೆಯಿರಿ. ಅದಿದ್ದರೆ ನನ್ನ ಮಗಳಿಗೆ ಕಳಿಸಬೇಡಿ.