ಆಮ್ಲದ ಪಾಠ: ಮೊದಲು ವ್ಯಾಖ್ಯೆಯಾ, ಪ್ರನಾಳವಾ?

ಕೊನೆ_ಬೆಂಚು: 'ನೀರಿನಲ್ಲಿ ಹೈಡ್ರೋಜನ್ ಅಯಾನು ಕೊಡುವುದೇ ಆಮ್ಲ' ಎಂದು ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡುವುದು ಶುದ್ಧ ತಪ್ಪು. ಮೊದಲು ಪ್ರನಾಳ ಕೈಗೆ ಕೊಡಿ. ಉಪ್ಪಿನ (ಸೋಡಿಯಂ ಕ್ಲೋರೈಡ್) ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿದ್ದರೆ ಸಾಕು, ಹಾಲು ಒಡೆದ ಹಾಗೆ ಬಿಳಿ ಗಸಿ. ಬ್ರೋಮೈಡ್ ಆದರೆ ಕೆನೆ ಬಣ್ಣ, ಅಯೋಡೈಡ್ ಆದರೆ ಹಳದಿ. ಇದನ್ನು ನೋಡಿದ ಮಗು ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳ ಹ್ಯಾಲೋಜನ್ ಗುಂಪನ್ನು ಮರೆಯುವುದಿಲ್ಲ.

ಹಳೇ_ಮೇಷ್ಟ್ರು: 'ಎರಡು ಹನಿ ಸಾಕು' ಅಂತೆ! ಮೊದಲು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ನೈಟ್ರಿಕ್ ಆಮ್ಲ ಯಾರು ಹಾಕುತ್ತಾರೆ? ಇಲ್ಲದಿದ್ದರೆ ಕಾರ್ಬೊನೇಟ್ ಇದ್ದರೂ ಗಸಿ ಬರುತ್ತದೆ. ಕೈಗೆ ಸಿಕ್ಕಿತು ಎಂದು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರಂತೂ ಮುಗೀತು, ಕ್ಲೋರೈಡನ್ನು ನೀವೇ ಸುರಿದು ನೀವೇ ಕಂಡುಹಿಡಿದ ಹಾಗೆ. ಅದಕ್ಕೇ ವ್ಯಾಖ್ಯೆ ಮೊದಲು.

ನೀಲಿ_ಲಿಟ್ಮಸ್: 'ವ್ಯಾಖ್ಯೆ' ಅಂದಿರಲ್ಲ, ಯಾರದು? ಬೋರ್ಡಿನ ಮೇಲಿನ ಅರೇನಿಯಸ್‌ನದಾ, ಹೈಡ್ರೋಜನ್ ಅಯಾನನ್ನು ಇನ್ನೊಂದಕ್ಕೆ ದಾಟಿಸುವುದೇ ಆಮ್ಲ ಎನ್ನುವ 1923ರ ಬ್ರಾನ್‌ಸ್ಟೆಡ್-ಲೌರಿಯದಾ? ನಮ್ಮಲ್ಲಿ 'ಆಮ್ಲಜನಕ' ಎಂಬ ಹೆಸರೇ ತಪ್ಪು ಪಾಠ ಹೇಳುತ್ತದೆ. ಆಮ್ಲಗಳನ್ನು ಹುಟ್ಟಿಸುವುದು ಅದೇ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಎಳ್ಳಷ್ಟೂ ಇಲ್ಲ. ಕ್ಲೋರಿನ್ ಒಂದು ಧಾತು, ಅದರೊಳಗೆ ಆಮ್ಲಜನಕ ಅಡಗಿಲ್ಲ ಎಂದು ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಡೇವಿ 1810ರಲ್ಲೇ ಹೇಳಿಯಾಗಿತ್ತು.

ಪದಜಾಲ: 'ನಮ್ಮಲ್ಲಿ' ಏನು ಬಂತು? ಆಕ್ಸಿಜನ್ ಎಂಬುದಕ್ಕೂ ಗ್ರೀಕಿನಲ್ಲಿ ಅದೇ ಅರ್ಥ. ಸುಮ್ನೆ ಕನ್ನಡದ ತಲೆಗೆ ಕಟ್ಟಬೇಡಿ.

ನೀಲಿ_ಲಿಟ್ಮಸ್: ಗ್ರೀಕ್ ಯಾವ ಮಗುವಿಗೆ ಬರುತ್ತದೆ? ಆಮ್ಲಜನಕ ಮಾತ್ರ ಕೇಳಿದ ತಕ್ಷಣ ಅರ್ಥವಾಗುತ್ತದೆ. ತಪ್ಪಾಗಿ! 'ಆಮ್ಲಜನಕ ಇರುವುದರಿಂದ ಇದು ಆಮ್ಲ' ಎಂಬ ಉತ್ತರವನ್ನು ನಾನೇ ಕೆಂಪು ಪೆನ್ನಲ್ಲಿ ಹೊಡೆದು ಹಾಕಿದ್ದೇನೆ.

ಪದಜಾಲ: ಒಂದು ಉತ್ತರಪತ್ರಿಕೆ ಹಿಡಿದುಕೊಂಡು ನಿಘಂಟು ಸುಡಲು ಹೊರಟಿದ್ದೀರಿ. ಸಲ್ಫ್ಯೂರಿಕ್, ನೈಟ್ರಿಕ್, ಫಾಸ್ಫಾರಿಕ್, ಎಲ್ಲದರಲ್ಲೂ ಆಮ್ಲಜನಕ ಇದೆ.

ನೀಲಿ_ಲಿಟ್ಮಸ್: ಸೋಡಿಯಂ ಹೈಡ್ರಾಕ್ಸೈಡ್‌ನಲ್ಲೂ ಇದೆ. ಅದನ್ನೂ ಆಮ್ಲ ಅನ್ನೋಣವಾ?

ಪದಜಾಲ: ವ್ಯಂಗ್ಯ ನಿಮ್ಮ ಕ್ಲಾಸಿನಲ್ಲಿ ಇಟ್ಟುಕೊಳ್ಳಿ. ಜಲಜನಕವನ್ನೂ ಕಿತ್ತು ಹಾಕುತ್ತೀರಾ?

ನೀಲಿ_ಲಿಟ್ಮಸ್: ಅದು ಉರಿದರೆ ನೀರೇ ಆಗುವುದು. ಅದರ ಹೆಸರು ಸರಿಯಾಗೇ ಇದೆ.

ಕೊನೆ_ಬೆಂಚು: ನಾನು ಬರೆದದ್ದು ಪ್ರನಾಳದ ಬಗ್ಗೆ.

ಹಳೇ_ಮೇಷ್ಟ್ರು: ನನ್ನ ನೈಟ್ರಿಕ್ ಆಮ್ಲ ಎಲ್ಲಿ ಹೋಯಿತು?

ಕೊನೆ_ಬೆಂಚು: ಹಾಕುತ್ತೇನೆ ಸಾರ್, ಬರೆಯಲಿಲ್ಲ ಅಷ್ಟೆ.

ಹಳೇ_ಮೇಷ್ಟ್ರು: 'ಅಷ್ಟೆ'ಯಂತೆ. ಬಿಳಿಗೂ ಕೆನೆಗೂ ವ್ಯತ್ಯಾಸ ಯಾರ ಕಣ್ಣಿಗೆ ಕಾಣುತ್ತದೆ? ಸಾರರಿಕ್ತ ಅಮೋನಿಯಾ ಹಾಕಿ ನೋಡಬೇಕು. ಕ್ಲೋರೈಡ್ ಗಸಿ ಕರಗುತ್ತದೆ, ಅಯೋಡೈಡ್ ಗಸಿ ಜಪ್ಪಯ್ಯ ಅಂದರೂ ಕರಗುವುದಿಲ್ಲ.

ಕೊನೆ_ಬೆಂಚು: ನೋಡಿ, ನೀವೂ ಪ್ರನಾಳಕ್ಕೇ ಬಂದಿರಿ!

ಹಳೇ_ಮೇಷ್ಟ್ರು: ವ್ಯಾಖ್ಯೆ ಓದಿಕೊಂಡು ಬಂದೆ.

ಸುಮ್ನೆ_ಓದುಗ: ಮಧ್ಯೆ ಬಂದೆ, ಕ್ಷಮಿಸಿ. ಕ್ಷಾರ, ಪ್ರತ್ಯಾಮ್ಲ ಎರಡೂ ಒಂದೇ ಅಲ್ವಾ?

ನೀಲಿ_ಲಿಟ್ಮಸ್: ಅಲ್ಲ. ಆಮ್ಲವನ್ನು ತಟಸ್ಥಗೊಳಿಸುವುದು ಪ್ರತ್ಯಾಮ್ಲ; ನೀರಿನಲ್ಲಿ ಕರಗುವ ಪ್ರತ್ಯಾಮ್ಲ ಮಾತ್ರ ಕ್ಷಾರ. ತಾಮ್ರದ ಆಕ್ಸೈಡ್ ಪ್ರತ್ಯಾಮ್ಲವೇ, ಆದರೆ ಕರಗುವುದಿಲ್ಲ.

ಪದಜಾಲ: 'ಆಕ್ಸೈಡ್' ಅಂದಿರಿ. ಆ ಪದದ ಮೂಲವೂ ಹುಳಿಯೇ. ಅದನ್ನು ಯಾವಾಗ ಬಿಡುತ್ತೀರಿ?