ಅಪ್‌ಡೇಟ್: ಫ್ರಂಟ್ ಲಿವರ್ 5 ಸೆಕೆಂಡ್ ಹಿಡಿದೆ!

ಫ್ರಂಟ್ ಲಿವರ್ ಅಂದರೆ ಬಾರ್‌ಗೆ ನೇತಾಡುತ್ತಾ, ಮುಖ ಮೇಲೆ ಮಾಡಿ, ಇಡೀ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ನೇರ ಹಿಡಿಯೋದು. ಅದನ್ನೇ ಮಂಡಿ ಮಡಚಿ (ಟಕ್ ಲಿವರ್) 20 ಸೆಕೆಂಡ್ ಹಿಡಿಯುತ್ತೇನೆ, ಕಾಲು ಚಾಚಿದ ಕೂಡಲೇ ಸೊಂಟ ಕುಸಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಎಂಟು ತಿಂಗಳಾಯಿತು. ನಿನ್ನೆ ಎರಡೂ ಕಾಲು ನೇರವಾಗಿ ಚಾಚಿ ಹಿಡಿದೆ. ಖುಷಿ ಹೇಳತೀರದು.

ಹೊಟ್ಟೆಯದ್ದೇ ತೊಂದರೆ ಅಂದುಕೊಂಡಿದ್ದೆ. ಅಲ್ಲ, ಬೆನ್ನಿನ ಲ್ಯಾಟ್ಸ್ (ಎರಡೂ ಬದಿಯ ಅಗಲವಾದ ಸ್ನಾಯು) ಬಲ ಸಾಲುತ್ತಿರಲಿಲ್ಲ. ಮೊಣಕೈ ಮಡಚದೆ, ಭುಜ ಕಿವಿಯಿಂದ ದೂರ ಎಳೆದು, ಬಾರ್ ಅನ್ನು ತೊಡೆಯ ಕಡೆಗೆ ಒತ್ತಬೇಕು. ಕಾಲು ಚಾಚಿದಷ್ಟೂ ತೂಕ ಭುಜದಿಂದ ದೂರ ಹೋಗುತ್ತದೆ, ಹಿಡಿಯೋದು ಕಷ್ಟವಾಗುತ್ತದೆ. ಅದಕ್ಕೇ ಮೊದಲು ಒಂದೇ ಕಾಲು ಚಾಚಿದೆ, ಆಮೇಲೆ ಎರಡೂ ಕಾಲು ಅಗಲಿಸಿದೆ. ವಾರಕ್ಕೆ 3 ದಿನ ಸಾಕಾಯಿತು.

ನಡುವೆ ಮೊಣಕೈ ನೋವು ಬಂದು ಎರಡು ವಾರ ಬಿಟ್ಟಿದ್ದೆ. ಬಾರ್‌ಗೆ ರಬ್ಬರ್ ಬ್ಯಾಂಡ್ ಹಾಕಿ, ಅದರ ಆಸರೆಯಲ್ಲಿ ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಕೈ ಹಿಡಿದದ್ದು ಅದೇ. ಮುಂದಿನ ಗುರಿ 10 ಸೆಕೆಂಡ್.